ಸಂಶೋಧನಾ ಭಂಡಾರದಲ್ಲಿ ಇಡುವ ‘ಒಂದೊಂದಕ್ಕೆ’ ಏನನ್ನೋಣ? ಕೃತಿ, ಸಾಮಗ್ರಿ, ದಾಖಲೆ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ನನ್ನದು. ನಮ್ಮ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ತಾವು ಮಾಡಿದ್ದನ್ನು ಎಲ್ಲರೂ ನೋಡುವಂತೆ ರೆಪಾಸಿಟರಿಗೆ, ಅಂದರೆ ಸಂಶೋಧನೆಯ ಫೈಲುಗಳನ್ನು ಕೂಡಿಡುವ ಆನ್‌ಲೈನ್ ಜಾಗಕ್ಕೆ, ಏರಿಸಲಿ ಅಂತ ಎರಡು ಪುಟದ ಕನ್ನಡ ಕೈಪಿಡಿ ಬರೆಯಲು ಕೂತೆ. ಮೊದಲ ಸಾಲಿಗೇ ಸಿಕ್ಕಿಬಿದ್ದೆ. ‘ನಿಮ್ಮ ಕೃತಿಗಳನ್ನು ಇಲ್ಲಿ ಠೇವಣಿ ಇಡಿ’ ಅಂತ ಬರೆದು ಗೋಡೆಗೆ ಹಚ್ಚಿದ್ದೆ. ಗಣಿತದ ಸರ್ ಒಬ್ಬರು ಓದಿ, “ಬಡ್ಡಿ ಎಷ್ಟು ಕೊಡ್ತೀರಿ?” ಅಂದರು. ಅವರ ಬೆನ್ನಿಗೇ ಸಸ್ಯಶಾಸ್ತ್ರದ ಹುಡುಗಿ, “ಸರ, ನಾ ಯಾವ ಕೃತೀನೂ ಬರ್ದಿಲ್ರೀ. ನನ್ ಹತ್ರ ತೊಗರಿ ಎಲಿ ಫೋಟೊ ಅವ, ನಡೀತದೇನ್ರೀ?” ಅಂದಳು. ನಡೆಯುತ್ತದೆ. ನಡೆಯದೇ ಇರುವುದು ನನ್ನ ಕನ್ನಡ.

ಠೇವಣಿಯ ಸಮಸ್ಯೆ ಬೇಗ ಬಗೆಹರಿಯಿತು. ನಮ್ಮ ಕಡೆ ‘ದಾಖಲು’ ಅನ್ನುವ ಒಳ್ಳೆಯ ಮಾತಿದೆ. ಮಗುವನ್ನು ಸಾಲಿಗೆ ದಾಖಲು ಮಾಡುತ್ತೇವೆ, ಕಾಯಿಲೆಯವರನ್ನು ದವಾಖಾನೆಗೆ, ಕೇಸನ್ನು ಠಾಣೆಗೆ. ಹಾಗಿದ್ದ ಮೇಲೆ ಫೋಟೊ, ಧ್ವನಿ, ಕೋಡ್ ಯಾಕೆ ದಾಖಲಾಗಬಾರದು? ಇದಕ್ಕೆ ಬೇರೆ ಕಡೆಯವರ ತಕರಾರಿದ್ದರೆ ಹೇಳಿ.

ರೆಪಾಸಿಟರಿಗೆ ಮೊದಲು ‘ಕಣಜ’ ಅಂದುಕೊಂಡಿದ್ದೆ. ಕಲಬುರಗಿಗೆ ‘ತೊಗರಿಯ ಕಣಜ’ ಅನ್ನುವ ಹೆಸರೇ ಇದೆ, ಕಿವಿಗೆ ಹಿತ. ಆದರೆ ಕಣಜದಲ್ಲಿ ಒಂದೇ ಬಗೆಯ ಕಾಳು ತುಂಬುತ್ತಾರೆ. ತೊಗರಿ, ಜೋಳ, ಕುಸುಬೆ ಎಲ್ಲ ಕೂಡಿಸಿ ಸುರಿದರೆ ಮನೆಯಲ್ಲಿ ಬೈಗುಳ ತಪ್ಪದು. ಇಲ್ಲಿ ಕೂಡಿಸಿ ಇಡುವುದೇ ಕೆಲಸ. ‘ಹಗೇವು’ ನನಗೆ ಇಷ್ಟದ ಪದ. ಆದರೆ ನೆಲದೊಳಗಿನ ಆ ಗುಂಡಿಯ ಬಾಯಿಗೆ ಮಣ್ಣು ಮುಚ್ಚುತ್ತಾರೆ, ಬೇಕಾದಾಗ ಮಾತ್ರ ತೆಗೆಯುತ್ತಾರೆ. ಎಲ್ಲರಿಗೂ ತೆರೆದಿರಬೇಕಾದ ಜಾಗಕ್ಕೆ ಒಗ್ಗದು. ಕೊನೆಗೆ ‘ಭಂಡಾರ’ದಲ್ಲಿ ನಿಂತಿದ್ದೇನೆ. ಯಾದಗಿರಿ ಕಡೆಯವರು ನಗಬೇಡಿ. ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ತೂರುವ ಅರಿಶಿನಕ್ಕೂ ಭಂಡಾರ ಅಂತಾರೆ, ಗೊತ್ತು. ಆದರೂ ಜೈನರ ಶಾಸ್ತ್ರಭಂಡಾರದ ಕಾಲದಿಂದ ಓದುವುದನ್ನು ಕೂಡಿಡುವ ಜಾಗಕ್ಕೆ ಈ ಹೆಸರು ಇದೆಯಲ್ಲ. ಪಿಎಚ್‌.ಡಿ. ಮಹಾಪ್ರಬಂಧಗಳ ಜಾಗಕ್ಕೆ ‘ಶೋಧಗಂಗಾ’ ಅನ್ನುವ ಹೆಸರು ಸೊಗಸು. ಇನ್ನೂ ಮಾಡಬೇಕಿರುವ ಸಂಶೋಧನೆಯ ರೂಪರೇಖೆಗಳಿಗೆ ‘ಶೋಧಗಂಗೋತ್ರಿ’ ಅಂದದ್ದು ಇನ್ನೂ ಸೊಗಸು. ಆದರೆ ಅವು ಗುಜರಾತಿನ ಗಾಂಧಿನಗರದಲ್ಲಿರುವ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಎರಡು ಜಾಗಗಳ ಹೆಸರು. ನನಗೆ ಬೇಕಿದ್ದದ್ದು ಎಲ್ಲಕ್ಕೂ ಸಲ್ಲುವ ಪದ.

ಈಗ ನಿಜವಾದ ತೊಡಕು: ಭಂಡಾರದೊಳಗೆ ಇಡುವ ಒಂದೊಂದಕ್ಕೆ ಏನನ್ನಬೇಕು?

1991ರಲ್ಲಿ ಆರ್ಕೈವ್ (arXiv) ಅನ್ನುವ ಆನ್‌ಲೈನ್ ಭಂಡಾರ ಶುರುವಾದಾಗ ಈ ಪ್ರಶ್ನೆ ಇಷ್ಟು ಕಾಡುತ್ತಿರಲಿಲ್ಲ. ಅಲ್ಲಿ ಇದ್ದದ್ದು ಭೌತಶಾಸ್ತ್ರದ ಲೇಖನಗಳು, ಅಚ್ಚಾಗುವ ಮುಂಚಿನವು. ಶೋಧಗಂಗಾದಲ್ಲೂ ಪಿಎಚ್‌.ಡಿ. ಮಹಾಪ್ರಬಂಧಗಳೇ. ಆದರೆ 2013ರಲ್ಲಿ ಯುರೋಪಿನ ಕಣಭೌತ ಸಂಸ್ಥೆ ಸರ್ನ್ ಶುರು ಮಾಡಿದ ಜೆನೋಡೊ ಭಂಡಾರ ತೆರೆದು ನೋಡಿ. ಏರಿಸುವಾಗ ಬಗೆ ಯಾವುದು ಅಂತ ಕೇಳುತ್ತದೆ. ಪ್ರಕಟಣೆ, ಪೋಸ್ಟರ್, ಪ್ರೆಸೆಂಟೇಶನ್, ಡೇಟಾಸೆಟ್, ಚಿತ್ರ, ವಿಡಿಯೊ–ಆಡಿಯೊ, ಸಾಫ್ಟ್‌ವೇರ್, ಪಾಠ, ಅದೂ ಸಾಲದೆ ‘ಭೌತಿಕ ವಸ್ತು’. ಬೀದರಿನ ಬಿದ್ರಿ ಹೂಜಿಯನ್ನು ಹೇಗಪ್ಪಾ ಏರಿಸುವುದು ಅಂತ ನಾನೂ ತಲೆ ಕೆರೆದುಕೊಂಡೆ. ಹೂಜಿ ಕಪಾಟಿನಲ್ಲೇ ಇರುತ್ತದೆ. ಅದರ ವಿವರ, ಫೋಟೊ ಏರುತ್ತವೆ.

ಇಂಥ ಭಂಡಾರ ನಡೆಸಲು ಬಳಸುವ ಡಿಸ್ಪೇಸ್ (DSpace) ತಂತ್ರಾಂಶ ಇದಕ್ಕೆಲ್ಲ ‘ಐಟಂ’ ಅಂತ ಹೆಸರಿಟ್ಟು ಕೈತೊಳೆದುಕೊಂಡಿದೆ. ಕನ್ನಡದಲ್ಲಿ ಐಟಂ ಅಂದರೆ ಖಾನಾವಳಿಯ ಬೋರ್ಡು, ಇಲ್ಲವೇ ಸಿನಿಮಾ ಹಾಡು. ‘ಉತ್ಪನ್ನ’ ಅಂದರೆ ನಮ್ಮೂರಿನವರಿಗೆ ನೆಹರು ಗಂಜ್‌ನ ತೊಗರಿ ಚೀಲ ಕಣ್ಣಮುಂದೆ ಬರುತ್ತದೆ. ‘ಸಾಮಗ್ರಿ’ ಅಂದಾಗ ಯಾಕೋ ಮನೆ ಕಟ್ಟುವ ಸಿಮೆಂಟು ನೆನಪಾಗುತ್ತದೆ. ಅಷ್ಟೇ ಅಲ್ಲ, ಸಾಮಗ್ರಿಯಿಂದ ಮುಂದೆ ಏನೋ ಮಾಡಬೇಕು ಅನ್ನುವ ಅರ್ಥ ಬಂದುಬಿಡುತ್ತದೆ. ಮುಗಿದ ಕೆಲಸಕ್ಕೆ ಹಾಗಂದರೆ ಮಾಡಿದವರಿಗೆ ಬೇಜಾರಾಗದಿರದು.

‘ಪ್ರಬಂಧ’ದ ಪಾಡಂತೂ ಕೇಳಲೇಬೇಡಿ. ಏಳನೇ ಇಯತ್ತೆಯ ಹುಡುಗ ಹಸುವಿನ ಮೇಲೆ ಬರೆಯುವುದೂ ಪ್ರಬಂಧ, ಸೆಮಿನಾರಿನಲ್ಲಿ ಮಂಡಿಸುವುದೂ ಪ್ರಬಂಧ, ನಗಿಸುವ ಲಲಿತ ಪ್ರಬಂಧವೂ ಪ್ರಬಂಧ. ಪಿಎಚ್‌.ಡಿ.ಗೆ ಮುಂದೆ ‘ಮಹಾ’ ಸೇರಿಸಿ ಬಚಾವಾದೆವು. ನಮ್ಮಲ್ಲಿ ಬಂದ ಹಳೆಯ ಪಟ್ಟಿಯೊಂದರಲ್ಲಿ ‘ಪ್ರಬಂಧ’ ಅಂತ ಒಂದೇ ಕಾಲಂ ಇತ್ತು. ಅದರಲ್ಲಿ ಲೇಖನ, ಮಹಾಪ್ರಬಂಧ, ಒಂದು ಹರಟೆ ಮೂರೂ ಅಕ್ಕಪಕ್ಕ ಕೂತಿದ್ದವು!

ಇನ್ನು ‘ಕೃತಿ’. ಮೂಲದಲ್ಲಿ ಮಾಡಿದ್ದೆಲ್ಲವೂ ಕೃತಿಯೇ, ಆದ್ದರಿಂದ ಇದೇ ಸರಿಯಾದ ಪದ ಅಂತ ಕೆಲವರು ಹೇಳಬಹುದು. ಆದರೆ ಬಳಕೆಯಲ್ಲಿ ಕೃತಿ ಅಂದರೆ ಪುಸ್ತಕ, ಜಾಸ್ತಿ ಅಂದರೆ ಸಂಗೀತದ ಕೃತಿ ಅಥವಾ ಕಲಾಕೃತಿ. ‘ಸೃಜನಶೀಲ ಕೃತಿ’ ಅಂದ ಕೂಡಲೇ ಕಥೆ, ಕವಿತೆ, ಕಾದಂಬರಿ. ಆಸ್ಟ್ರೇಲಿಯಾದ ವಿಶ್ವವಿದ್ಯಾಲಯಗಳಲ್ಲಿ ರಂಗಪ್ರಯೋಗ, ಕಲಾಪ್ರದರ್ಶನ, ಧ್ವನಿಮುದ್ರಣ ಇವನ್ನೂ ಸಂಶೋಧನೆಯ ಲೆಕ್ಕಕ್ಕೆ ಹಿಡಿಯುತ್ತಾರೆ. ರಂಗಪ್ರಯೋಗವನ್ನು ಕೃತಿ ಅಂದರೆ ನಾಟಕದ ಪುಸ್ತಕ ಅಂತಲೇ ಓದಿಕೊಳ್ಳುತ್ತೇವೆ, ಅಲ್ವಾ?

ನನ್ನ ಮುಂದಿರುವ ಉದಾಹರಣೆ ನೋಡಿ. ಜಾನಪದ ಓದುವ ಹುಡುಗನೊಬ್ಬ ಅಫಜಲಪುರದ ಕಡೆ ತಿರುಗಿ ಮೊಹರಂ ಪದಗಳನ್ನು (ಹಾಡುಗಳನ್ನು) ಧ್ವನಿಮುದ್ರಿಸಿಕೊಂಡು ಬಂದಿದ್ದಾನೆ. ಅವನ ಲೆಕ್ಕದಲ್ಲಿ ಅವು ದತ್ತಾಂಶ. ಎಣಿಸಿ, ಹೋಲಿಸಿ ಮಹಾಪ್ರಬಂಧ ಬರೆಯುವುದಿದೆ. ಹಾಡಿದವರ ಲೆಕ್ಕದಲ್ಲಿ ಅವು ಅವರ ಪದ. ಅದೇ ಧ್ವನಿ, ಅದೇ ಫೈಲು. ಡೇಟಾಸೆಟ್ ಅಂತ ಒತ್ತಲೋ, ಆಡಿಯೊ ಅಂತ ಒತ್ತಲೋ? ‘ಕರ್ತೃ’ ಅನ್ನುವ ಕಡೆ ಯಾರ ಹೆಸರು? ಹುಡುಗ ತನ್ನ ಹೆಸರು ಬರೆದು, ಹಾಡಿದವರನ್ನು ‘ಸಹಕಾರ’ದಲ್ಲಿ ಹಾಕಿದ್ದ. ತಿರುಗಿಸಿ ಬರಿ ಅಂದೆ. ದತ್ತಾಂಶ ಅನ್ನುವ ಪದ ಹಾಡಿದವರನ್ನು ಸುಮ್ನೆ ಅಳಿಸಿಹಾಕುತ್ತದೆ ಅನ್ನುವುದು ನನ್ನ ಅನಿಸಿಕೆ. ಹಾಗಂತ ಮಳೆಯ ಅಳತೆಯ ಪಟ್ಟಿಗೆ ದತ್ತಾಂಶ ಬಿಟ್ಟು ಬೇರೆ ಏನನ್ನಲಿ?

ಈಗ ‘ದಾಖಲೆ’ಯ ಕಡೆ ಮನಸ್ಸು ವಾಲಿದೆ. ದಾಖಲು ಮಾಡಿದ್ದು ದಾಖಲೆ, ಕ್ರಿಯೆಗೂ ನಾಮಕ್ಕೂ ಹೊಂದುತ್ತದೆ. ಆದರೆ ಅನುಮಾನ ಒಂದಿದೆ. ಫೈಲಿನ ಜತೆ ತುಂಬುವ ಹೆಸರು, ವರ್ಷ, ಲೈಸೆನ್ಸು, ಡಿಒಐ (ಒಂದೊಂದನ್ನೂ ಗುರುತಿಸುವ ಕಾಯಂ ಸಂಖ್ಯೆ) ಇರುವ ಪುಟವೇ ಒಂದು ದಾಖಲೆ. ಹಾಡನ್ನೂ ದಾಖಲೆ ಅಂದರೆ ದಾಖಲೆಯ ದಾಖಲೆ ಆಗುತ್ತದೆ. ಕ್ರಿಕೆಟ್ಟಿನ ದಾಖಲೆಯನ್ನು ಬಿಡಿ, ಅದಕ್ಕೆ ಯಾರೂ ಎಡವಲಾರರು.

ವಾಕ್ಯದಲ್ಲಾದರೆ ಕನ್ನಡ ನನ್ನನ್ನು ಕಾಪಾಡುತ್ತದೆ. ‘ನೀವು ಏರಿಸಿದ ಒಂದೊಂದಕ್ಕೂ ಒಂದು ಡಿಒಐ ಸಿಗುತ್ತದೆ’ ಅಂತ ಬರೆದರೆ ನಾಮಪದವೇ ಬೇಡ. ಕೈಪಿಡಿ ಪೂರ್ತಿ ಹೀಗೇ ದಾಟಿಸಿದ್ದೇನೆ. ಕೊನೆಯಲ್ಲಿ ಒಂದು ಪಟ್ಟಿ ಇದೆ. ‘ಕ್ರಮ ಸಂಖ್ಯೆ’, ‘ಬಗೆ’, ‘ಯಾರದು’, ‘ವರ್ಷ’ ತುಂಬಿದ್ದಾಯಿತು. ಎರಡನೇ ಕಾಲಂ ತಲೆಬರಹ ಖಾಲಿ ಇದೆ. ಸಾಮಾನನ್ನು ಒಂದು ನಗ, ಎರಡು ನಗ ಅಂತ ಎಣಿಸುವ ಬಜಾರಿನವರಂತೆ ‘ನಗ’ ಅಂತ ಬರೆದುಬಿಡಿ ಅಂತ ನಮ್ಮ ಜವಾನರ ಸಲಹೆ. ಬೀದರ್, ಯಾದಗಿರಿ ಕಡೆ ನೀವು ಏನು ಬರೆಯುತ್ತೀರಿ?