ಸಬ್‌ಟೈಟಲ್ ಓದಿ ಬದಲಿಸಲಿಕ್ಕೆ ಯಾವ ಲೈಬ್ರರಿ? ಬಳಸಿದವರು ಹೇಳಿ

ಚೆಂಡೆಪೆಟ್ಟು: ಹಳೇ ಯಕ್ಷಗಾನದ ವಿಡಿಯೊಗಳಿಗೆ ಕನ್ನಡ ಎಸ್‌ಆರ್‌ಟಿ (ಮಾಮೂಲಿ ಸಬ್‌ಟೈಟಲ್ ಫೈಲು) ಬರೆಸಿಟ್ಟಿದ್ದೇವೆ. ವೆಬ್‌ಸೈಟಿಗೆ ವಿಟಿಟಿ ರೂಪದ ಫೈಲು ಬೇಕು, ಅಕ್ಷರ ವಿಡಿಯೊದಲ್ಲೇ ಅಚ್ಚಾಗುವ ಹಾಗೆ ಬರ್ನ್ ಮಾಡ್ಲಿಕ್ಕೆ, ಬಣ್ಣ-ಫಾಂಟ್ ಹೇಳಬಲ್ಲ ಎಎಸ್‌ಎಸ್ ಬೇಕು. ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲಿಕ್ಕೆ ಅಲ್ಪಸ್ವಲ್ಪ ಬರ್ತದೆ. ಅದರ ಲೈಬ್ರರಿಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಯಾವುದು, ಪೈಎಸ್‌ಆರ್‌ಟಿಯಾ, ಪೈಸಬ್ಸ್2 ಆ? ಹೇಳಿ ಮಾರಾಯ್ರೆ.

ಫ್ರೇಮ್‌ರೇಟ್ ಫಣಿ: ಪೈಸಬ್ಸ್2, ಕಣ್ಮುಚ್ಚಿ ಹಾಕಿ. ನನ್ನ ಕಥೆ ಕೇಳಿ. ಸೆಕೆಂಡಿಗೆ 23.976 ಫ್ರೇಮಿನ ವಿಡಿಯೊಗೆ ಕೂರಿಸಿದ್ದ ಸಬ್‌ಟೈಟಲ್, ಕೈಗೆ ಬಂದ ವಿಡಿಯೊ 25ರದ್ದು. ಮೊದಲ ಡೈಲಾಗು ಸರಿಯಾಗಿ ಕೂತಿದೆ ಅಂತ ನಮ್ಮ ಎಡಿಟರ್ ಪಾರ್ಟಿಗೆ ಕಳಿಸೇಬಿಟ್ಟ. ಎರಡು ಗಂಟೆ ಸಿನಿಮಾ ಮುಗಿಯೋ ಹೊತ್ತಿಗೆ ಸಬ್‌ಟೈಟಲ್ ಐದು ನಿಮಿಷ ಹಿಂದೆ! ವಿಲನ್ ಸತ್ತು ಶುಭಂ ಬಂದ್ಮೇಲೂ ಕೆಳಗಡೆ ಅವನ ಬೈಗುಳ ಓಡ್ತಿತ್ತು. ಎಲ್ಲಾ ಸಾಲನ್ನ ಒಟ್ಟಿಗೆ ಮುಂದೆ ಶಿಫ್ಟ್ ಮಾಡಿದ್ರೆ ಒಂದು ಕಡೆ ಸರಿಹೋಗಿ ಇನ್ನೊಂದು ಕಡೆ ಕೆಡುತ್ತೆ. ಪಾರ್ಟಿ 8,000 ರೂಪಾಯಿ ಮುರ್ಕೊಂಡ. ಕೊನೆಗೆ ಟ್ರಾನ್ಸ್‌ಫಾರ್ಮ್ ಫ್ರೇಮ್‌ರೇಟ್ ಅನ್ನೋ ಪೈಸಬ್ಸ್2ರ ಒಂದು ಸಾಲಲ್ಲಿ, ಎಲ್ಲಾ ಟೈಮೂ ಅದೇ ಪ್ರಮಾಣದಲ್ಲಿ ಕುಗ್ಗಿ ಕೆಲಸ ಮುಗೀತು.

ಮಾಜಿ ಸ್ಟಾರ್ಟಪ್: ಪೈಎಸ್‌ಆರ್‌ಟಿ ಹತ್ರಾನೂ ಸುಳೀಬೇಡಿ. ಅದರ ಲೈಸೆನ್ಸ್ ಜಿಪಿಎಲ್ 3, ಅಂದ್ರೆ ಅದನ್ನ ಸೇರಿಸಿದ ಪ್ರೋಗ್ರಾಂ ಹಂಚಿದ್ರೆ ನಮ್ಮ ಸೋರ್ಸ್ ಕೋಡೂ ಕೊಡಬೇಕು. ನಮ್ಮ ಸಾಫ್ಟ್‌ವೇರ್ ಗಿರಾಕಿಗಳ ಮಷೀನಿಗೇ ಇನ್‌ಸ್ಟಾಲ್ ಆಗ್ತಿತ್ತು. ನಮ್ಮನ್ನ ಕೊಳ್ಳೋಕೆ ಬಂದ ಕಂಪನಿಯ ವಕೀಲರು ಆ ಲೈಬ್ರರಿನ ಕರೆಯೋ ಅದೊಂದು ಇಂಪೋರ್ಟ್ ಸಾಲು ಹಿಡ್ಕೊಂಡು ಕೂತರು. ಅದನ್ನ ಕಿತ್ತು, ಎಂಐಟಿ ಅನ್ನೋ ಸಡಿಲ ಲೈಸೆನ್ಸಿನ ಪೈಸಬ್ಸ್2 ಹಾಕೋ ತನಕ ಮಾತುಕತೆ ನಿಂತೇಹೋಯ್ತು. ವಕೀಲರ ಫೀಸು ಒಂದೂವರೆ ಲಕ್ಷ, ಎಲ್ಲಾ ಟೈಮಿಂಗ್ ಮತ್ತೆ ಟೆಸ್ಟ್ ಮಾಡಿದ ಇಬ್ಬರ ಸಂಬಳ ಬೇರೆ.

ಮುಕ್ತಕಂಠ: ಲೈಸೆನ್ಸ್ ಓದದೆ ಹಾಕ್ಕೊಂಡು ಜಿಪಿಎಲ್‌ಗೆ ಬೈಯೋದು ಯಾವ ನ್ಯಾಯ? ನಿಮ್ಮ ಮಷೀನಲ್ಲಿ ನಿಮ್ಮ ಫೈಲು ಬದಲಿಸಿಕೊಂಡ್ರೆ ಯಾರೂ ಸೋರ್ಸ್ ಕೇಳಲ್ಲ. ಪ್ರೋಗ್ರಾಂ ಹಂಚಿದ್ರೆ ಮಾತ್ರ ಪ್ರಶ್ನೆ. ಪುಕ್ಕಟೆ ಕೋಡ್ ಬೇಕು, ಷರತ್ತು ಮಾತ್ರ ಬೇಡ!

ಮಾಜಿ ಸ್ಟಾರ್ಟಪ್: ಆ ಒಂದೂವರೆ ಲಕ್ಷ ನಿಮ್ಮ ಜೇಬಿಂದ ಹೋಗಿದ್ರೆ ಗೊತ್ತಾಗ್ತಿತ್ತು ಸ್ವಾಮಿ.

ಹುಬ್ಬಳ್ಳಿ ಮಂದಿ: ಲೈಬ್ರರಿ ಯಾವ್ದರ ಹಾಕ್ರಿ, ಒಳಗಿನ ಅಕ್ಷರ ಎಂಥಾದ್ದು ಅದನ್ನ ಮೊದಲ ನೋಡ್ರಿ. ನಮ್ಮ ನಾಟಕದ ಫೈಲು ಡಿಟಿಪಿ ಅಂಗಡ್ಯಾಗ ಇಂಗ್ಲಿಷ್ ಅಕ್ಷರದ ಕೋಡಿಗೆ ಕನ್ನಡದ ಆಕಾರ ತೊಡಿಸೋ ಹಳೇ ನುಡಿ ಫಾಂಟ್‌ನ್ಯಾಗ ಹೊಡಿಸಿದ್ವು. ಪೈಸಬ್ಸ್2 ಒಂದು ಎರರ್ ಕೊಡಲಿಲ್ಲ, ಇದ್ದದ್ದನ್ನ ಇದ್ದಂಗ ವಿಟಿಟಿಗೆ ಬರೀತು. ಬ್ರೌಸರ್‌ನ್ಯಾಗ ನೋಡಿದ್ರ ಬರೇ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ. ಯೂನಿಕೋಡಿಗೆ ತಿರುಗಿಸೋ ಕನ್ವರ್ಟರಿಗೆ ಹಾಕಿದ್ವಿ, ಅರ್ಕಾವತ್ತು ಪಕ್ಕದ ಅಕ್ಷರಕ್ಕ ಹಾರಿತು. ಅರ್ಜುನ ಹೋಗಿ ಅಜುರ್ನ ಆದ, ಕರ್ಣ ಹೋಗಿ ಕಣರ್ ಆದ. ಪುಟಕ್ಕ 25 ರೂಪಾಯಿ ಕೊಟ್ಟು ಹೊಸದಾಗಿ ಟೈಪ್ ಮಾಡಿಸಿದ್ವಿ, ಪ್ರೂಫ್ ನೋಡಿದ ಮಾಸ್ತರಿಗೆ ಬ್ಯಾರೆ ಕೊಟ್ವಿ.

ಕೀಲಿಮಣೆ: ನುಡಿಗೆ ಯೂನಿಕೋಡ್ ಬಂದು ಎಷ್ಟೋ ವರ್ಷವಾಯ್ತು. ಅಂಗಡಿಯವನು ಹಳೇದನ್ನೇ ಇಟ್ಕೊಂಡ್ರೆ ತಂತ್ರಾಂಶದ ತಪ್ಪಾ?

ಹುಬ್ಬಳ್ಳಿ ಮಂದಿ: ಹಳೇ ಫಾಂಟ್ ಅಂತನ ಬರ್ದೀನ್ರಿ. ಚಸ್ಮಾ ಹಾಕ್ಕೊಂಡು ಓದ್ರಿ.

ಒತ್ತಕ್ಷರ: ಬರ್ನ್ ಮಾಡೋದ್ರ ಬಗ್ಗೆ ಯಾರೂ ಹೇಳ್ತಾನೇ ಇಲ್ಲ. ಬಾಡಿಗೆ ಸರ್ವರ್‌ನಲ್ಲಿ ರಾತ್ರಿಯಿಡೀ ವಿಡಿಯೊ ಬದಲಿಸೋ ಪ್ರೋಗ್ರಾಂ ಎಫ್‌ಎಫ್‌ಎಂಪೆಗ್ ಓಡಿಸಿದ್ವಿ. ಅದು ಅಕ್ಷರ-ಒತ್ತು ಜೋಡಿಸೋ ಹಾರ್ಫ್‌ಬಝ್ ಸೇರಿಸದ ಹಳೇ ಬಿಲ್ಡು. ಒಂದು ಒತ್ತೂ ಕೂಡಲಿಲ್ಲ, "ಸ್ತ್ರೀ" ಮೂರು ತುಂಡಾಗಿ ಬಿದ್ದಿತ್ತು. ಹಳದಿ ಬರಲಿ ಅಂತ ವೆಬ್‌ಸೈಟಿನ ಥರ ಬಣ್ಣದ ಕೋಡ್ ಎಫ್‌ಎಫ್‌ಎಫ್‌ಎಫ್00 ಬರೆದ್ರೆ ಬಂದಿದ್ದು ತಿಳಿನೀಲಿ, ಎಎಸ್‌ಎಸ್‌ನಲ್ಲಿ ನೀಲಿ ಮೊದಲು, ಕೆಂಪು ಕೊನೆಗೆ. 3,200 ರೂಪಾಯಿ ಬಾಡಿಗೆ ನೀರಲ್ಲಿ ಹೋಮ.

ಫ್ರೇಮ್‌ರೇಟ್ ಫಣಿ: ಬಣ್ಣ-ಫಾಂಟ್ ಇರೋ ಎಎಸ್‌ಎಸ್ ಫೈಲಿನ ಹೆಡರ್ ಕೈಯಲ್ಲಿ ಬರೆಯೋಕೆ ನಿಮಗೆ ಹೇಳಿದ್ಯಾರು? ಪೈಸಬ್ಸ್2ಗೆ ಕೆಂಪು, ಹಸಿರು, ನೀಲಿ ಅಂತ ಕೊಟ್ರೆ ಅದೇ ತಿರುಗಿಸಿಕೊಳ್ಳುತ್ತೆ.

ಒತ್ತಕ್ಷರ: ವಿಟಿಟಿ ಓದುವಾಗ ಸಾಲು ಎಲ್ಲಿ ಬರಬೇಕು ಅನ್ನೋ ಸೆಟ್ಟಿಂಗ್ ಎಲ್ಲ ಅದು ನುಂಗಿ ಹಾಕುತ್ತಲ್ಲ, ಅದನ್ನ ಹೇಳಿ ಫಣಿಯವರೇ.

ಚೆಂಡೆಪೆಟ್ಟು: ನಮ್ಮದು ಯೂನಿಕೋಡೇ, ಪ್ರೋಗ್ರಾಂ ಹಂಚುವುದೂ ಇಲ್ಲ. ಹಾಗಾದ್ರೆ ಪೈಸಬ್ಸ್2 ಸಾಕಲ್ಲ?

ಮುಕ್ತಕಂಠ: ಅದಿರಲಿ, ಆ ವಿಡಿಯೊ ಹಾಕ್ಲಿಕ್ಕೆ ಮೇಳದವರ ಅನುಮತಿ ತಗೊಂಡಿದ್ದೀರಾ?