ಸ್ಟೇಜ್ ಮೇಲೆ ಗಿಟಾರ್ ಪ್ರಿಸೆಟ್ ಹುಡುಕಾಟ: ಕೋಡ್ ಬರೆದು ಜೋಡಿಸಿದವರು ಅನುಭವ ಹೇಳಿ

ಕೇಳಿದವರು, ದಾವಣಗೆರೆ:
ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತೇನೆ. ಗಣೇಶ ಹಬ್ಬ, ರಾಜ್ಯೋತ್ಸವ, ಮದುವೆ ಎಲ್ಲಾ ಇರುತ್ತೆ. ಪೆಡಲ್ (ಕಾಲಲ್ಲಿ ಒತ್ತಿ ಗಿಟಾರ್ ಸೌಂಡ್ ಬದಲಿಸುವ ಪೆಟ್ಟಿಗೆ) ಎಚ್‌ಎಕ್ಸ್ ಸ್ಟಾಂಪ್. ಹಾಡಿಗೊಂದು ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಸೌಂಡ್) ಅಂತ ತುಂಬಿಕೊಂಡು ಹೋಗಿ ಈಗ ಯಾವುದು ಎಲ್ಲಿದೆ ಅಂತಲೇ ಗೊತ್ತಾಗಲ್ಲ. ಗಾಯಕರು ನಿಂತ ನಿಲುವಿನಲ್ಲೇ ಹಾಡು ಬದಲಿಸುತ್ತಾರೆ. ಪೈಥಾನ್‌ನಲ್ಲಿ ಕೋಡ್ ಬರೆಯುವುದು ಸ್ವಲ್ಪ ಬರುತ್ತದೆ. ಏನಾದರೂ ಮಾಡಬಹುದಾ?

ಉತ್ತರ, ಮೈಸೂರಿನಿಂದ:
ಮಾಡಬಹುದು, ಆದರೆ ಕೋಡ್‌ಗಿಂತ ಮೊದಲು ಒಂದು ಶೀಟ್ ಮಾಡಿ. ಹಾಡಿನ ಹೆಸರು, ಪ್ರಿಸೆಟ್, ಸ್ನ್ಯಾಪ್‌ಶಾಟ್ (ಒಂದೇ ಪ್ರಿಸೆಟ್ ಒಳಗಿನ ಬೇರೆ ಬೇರೆ ಹೊಂದಿಕೆ), ಶ್ರುತಿ, ಕೇಪೊ (ಶ್ರುತಿ ಏರಿಸಲು ತಂತಿಗಳ ಮೇಲೆ ಹಾಕುವ ಕ್ಲಿಪ್) ಎಲ್ಲಿ, ವೇಗ. ಅಷ್ಟೇ. ಆ ದಿನದ ಹಾಡುಗಳ ಕ್ರಮ ಬೇರೆ ಫೈಲ್‌ನಲ್ಲಿರಲಿ, ಅದರಲ್ಲಿ ಹಾಡಿನ ಹೆಸರು ಮಾತ್ರ. ಎರಡನ್ನೂ ಬೆರೆಸಿದರೆ ಪ್ರತಿ ಪ್ರೋಗ್ರಾಂಗೂ ಪೆಡಲ್ ಒಳಗಿನ ಕ್ರಮವನ್ನೇ ಬದಲಿಸುತ್ತಾ ಕೂರಬೇಕಾಗುತ್ತದೆ. ಪೆಡಲ್ ಒಳಗೆ ಪ್ರಿಸೆಟ್ ಜಾಗ ಕದಲಲೇಬಾರದು.

ಇನ್ನು ಕೋಡ್. ಪೈಥಾನ್‌ನಲ್ಲಿ ಮಿಡೊ ಅಂತ ಲೈಬ್ರರಿ ಇದೆ, ಅದರಿಂದ ಮಿಡಿ (ಸಂಗೀತ ಉಪಕರಣಗಳು ಪರಸ್ಪರ ಸಂದೇಶ ಕಳಿಸುವ ಪದ್ಧತಿ) ಮೂಲಕ ಎರಡು ಸಾಲಿನಲ್ಲಿ ಪ್ರೋಗ್ರಾಂ ಚೇಂಜ್, ಅಂದರೆ ಪ್ರಿಸೆಟ್ ಬದಲಿಸು ಅನ್ನುವ ಸಂದೇಶ ಹೋಗುತ್ತದೆ. ಇಲ್ಲಿ ಒಂದು ಕಿರಿಕಿರಿ ಇದೆ: ಮಿಡಿ ಸಂಖ್ಯೆ 0ಯಿಂದ 127, ಆದರೆ ಪೆಡಲ್ ತೋರಿಸುವುದು 01ಎ, 01ಬಿ, 01ಸಿ, 02ಎ ಅಂತ. ಬ್ಯಾಂಕಿಗೆ ಮೂರು. ಹಾಗಾಗಿ ಬ್ಯಾಂಕ್ ಸಂಖ್ಯೆಯಲ್ಲಿ ಒಂದು ಕಳೆದು, ಮೂರರಿಂದ ಗುಣಿಸಿ, ಎ ಆದರೆ 0, ಬಿ ಆದರೆ 1, ಸಿ ಆದರೆ 2 ಸೇರಿಸಿ. 07ಬಿ ಅಂದರೆ 19. ಚಾನೆಲ್ ಕಥೆಯೂ ಇದೇ, ಪೆಡಲ್‌ನಲ್ಲಿ 1 ಅಂತಿದ್ದರೆ ಮಿಡೊದಲ್ಲಿ 0. ಸ್ನ್ಯಾಪ್‌ಶಾಟ್‌ಗೆ ಸಿಸಿ (ಕಂಟ್ರೋಲ್ ಚೇಂಜ್ ಅನ್ನುವ ಇನ್ನೊಂದು ಮಿಡಿ ಸಂದೇಶ) 69, ಮೊದಲನೆಯದಕ್ಕೆ ಬೆಲೆ 0. ಈ ಲೆಕ್ಕವನ್ನು ಕೋಡಿಗೆ ಬಿಡಿ, ಶೀಟಿನಲ್ಲಿ 07ಬಿ ಅಂತಲೇ ಬರೆಯಿರಿ, ಇಲ್ಲಾಂದ್ರೆ ಓದುವಾಗ ತಲೆ ಕೆಡುತ್ತದೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಸಂದೇಶ ಕಳಿಸುವ ಭಾಗ ಅಲ್ಲ, ತಪಾಸಣೆ ಭಾಗ. ಪಟ್ಟಿಯಲ್ಲಿರುವ ಹಾಡು ಶೀಟಿನಲ್ಲಿ ಇದೆಯಾ, ಯಾವ ಪ್ರಿಸೆಟ್ ಯಾವ ಹಾಡಿಗೂ ಬೇಡವಾಗಿದೆ, ಹಿಂದಿನ ಹಾಡಿಗೂ ಮುಂದಿನ ಹಾಡಿಗೂ ನಡುವೆ ಕೇಪೊ ಬದಲಿಸಬೇಕಾ, ಇಷ್ಟನ್ನು ಮನೆಯಲ್ಲೇ ಹೇಳಿಬಿಡುತ್ತದೆ. ಕೊನೆಗೆ ದಪ್ಪಕ್ಷರದಲ್ಲಿ ಒಂದು ಹಾಳೆ ಪ್ರಿಂಟ್. ಕ್ರಮದ ಪ್ರಕಾರ ಒಂದು ಬದಿ, ಅಕಾರಾದಿಯಲ್ಲಿ ಇನ್ನೊಂದು ಬದಿ. ಗಾಯಕರು ಹಾಡು ಬದಲಿಸಿದರೆ ಹಾಳೆ ತಿರುಗಿಸಿದರಾಯ್ತು.

ಹಾಗೇ ಬ್ಯಾಕಪ್. ಎಕ್ಸ್‌ಪೋರ್ಟ್ ಮಾಡಿದ ಬಿಡಿ ಪ್ರಿಸೆಟ್ ಫೈಲ್ ಒಳಗೆ ಇರುವುದು ಜೆಸನ್, ಅಂದರೆ ಬರೀ ಅಕ್ಷರ. ಗಿಟ್‌ನಲ್ಲಿ (ಫೈಲಿನ ಹಳೆಯ ರೂಪಗಳನ್ನೂ ಉಳಿಸಿಡುವ ಸಾಫ್ಟ್‌ವೇರ್) ಇಟ್ಟರೆ ಹೋದ ವಾರ ಡಿಲೇ (ಪ್ರತಿಧ್ವನಿ) ಮಿಕ್ಸ್ ಎಷ್ಟಿತ್ತು, ಈಗ ಎಷ್ಟಿದೆ ಅಂತ ನೋಡಬಹುದು.

ಉತ್ತರ, ಬೆಂಗಳೂರಿನಿಂದ:
ಮೇಲಿನವರು ಹೇಳಿದ್ದಕ್ಕೆ ಒಂದು ಹೆಜ್ಜೆ ಮುಂದೆ. ನಾನು ಸ್ಟೇಜ್ ಮೇಲೂ ಕೋಡ್ ಓಡಿಸುತ್ತೇನೆ, ಆದರೆ ಲ್ಯಾಪ್‌ಟಾಪ್ ಅಲ್ಲ, ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್. ಲ್ಯಾಪ್‌ಟಾಪ್ ಸರಿಯಾದ ಹೊತ್ತಿಗೇ ಅಪ್‌ಡೇಟ್ ಅನ್ನುತ್ತೆ, ಯಾರೋ ಕಾಲು ತಾಗಿಸುತ್ತಾರೆ. ಪೈ ಪೆಟ್ಟಿಗೆಯೊಳಗೆ ಕೂತಿರುತ್ತದೆ, ಎರಡು ಸ್ವಿಚ್, ಮುಂದಿನ ಹಾಡು, ಹಿಂದಿನ ಹಾಡು. ನಮ್ಮ ಕಡೆ ಕರೆಂಟಿನಿಂದ ಜನರೇಟರ್‌ಗೆ ಬದಲಾಗುವಾಗ ಒಂದು ಕ್ಷಣ ಎಲ್ಲಾ ಆರುತ್ತದಲ್ವಾ, ಅದಕ್ಕೇ ಪೈನಲ್ಲಿ ಓವರ್‌ಲೇ ಫೈಲ್ ಸಿಸ್ಟಮ್ ಆನ್ ಮಾಡಿ, ಮೆಮೊರಿ ಕಾರ್ಡಿಗೆ ಏನೂ ಬರೆಯದ ಹಾಗೆ. ಪವರ್ ಬ್ಯಾಂಕ್ ಇದ್ದರೆ ಇನ್ನೂ ಒಳ್ಳೆಯದು.

ಪೈ ಬದಲು ಆರ್ಡುಯಿನೊ (ಇನ್ನೂ ಸರಳವಾದ ಕಂಟ್ರೋಲರ್ ಬೋರ್ಡ್) ತೆಗೆದುಕೊಳ್ಳುವವರಿಗೆ ಒಂದು ಮಾತು: ಯುಎಸ್‌ಬಿಯಲ್ಲಿ ಅದನ್ನು ನೇರ ಪೆಡಲಿಗೆ ಸಿಕ್ಕಿಸಿದರೆ ಏನೂ ಆಗಲ್ಲ, ಎರಡೂ ಡಿವೈಸ್‌ಗಳೇ, ಸಂಪರ್ಕ ನಡೆಸುವ ಹೋಸ್ಟ್ ಯಾರೂ ಇಲ್ಲ. ಐದು ಪಿನ್ನಿನ ಮಿಡಿ ಕೇಬಲ್ ಬಳಸಿ.

ಉತ್ತರ, ಹುಬ್ಬಳ್ಳಿಯಿಂದ:
ಕೋಡ್ ಬರೆಯಿರಿ, ಬೇಡ ಅನ್ನಲ್ಲ. ಆದರೆ ನೂರು ಪ್ರಿಸೆಟ್ ಯಾಕೆ ಬೇಕು? ಆರ್ಕೆಸ್ಟ್ರಾದಲ್ಲಿ ಕ್ಲೀನ್, ಕ್ರಂಚ್ (ಸ್ವಲ್ಪ ಒರಟು ಸೌಂಡ್), ಲೀಡ್ (ಸೋಲೊಗೆ), ಅಕೂಸ್ಟಿಕ್ ಥರದ್ದು, ಇಷ್ಟರಲ್ಲಿ ಮುಕ್ಕಾಲು ಹಾಡು ಮುಗಿಯುತ್ತದೆ. ಮೊದಲು ಕಡಿಮೆ ಮಾಡಿ, ಆಮೇಲೆ ಜೋಡಿಸಿ. ಲೀಡ್ ಯಾವ ಪ್ರಿಸೆಟ್‌ನಲ್ಲೂ ಅದೇ ಸ್ವಿಚ್ಚಿಗೆ ಇರಲಿ, ಕಾಲು ಯೋಚನೆ ಮಾಡಬಾರದು.

ಸೌಂಡ್ ಲೆವೆಲ್ ಮಾತ್ರ ಯಾವ ಪೈಥಾನೂ ಸರಿ ಮಾಡಲ್ಲ. ಮನೆಯಲ್ಲಿ ಮೆಲ್ಲಗೆ ಕೇಳುವಾಗ ಕಿವಿಗೆ ಬೇಸ್ ಕಡಿಮೆ ಅನ್ನಿಸುತ್ತದೆ, ಜಾಸ್ತಿ ಮಾಡುತ್ತೀವಿ, ಸ್ಟೇಜ್‌ನಲ್ಲಿ ಅದೇ ಕಲಸುಮೇಲೋಗರ. ಪ್ರೋಗ್ರಾಂ ಶುರುವಾಗೋ ಮೊದಲು ಪಿಎಯಲ್ಲಿ (ಸಭೆಗೆ ಕೇಳಿಸುವ ದೊಡ್ಡ ಸ್ಪೀಕರ್‌ಗಳಲ್ಲಿ) ಒಂದೊಂದೇ ಕೇಳಿಸಿ ಸರಿ ಮಾಡಿ.

ಡಿಲೇ ಸಮಯವನ್ನೂ ಶೀಟಿನಿಂದ ಲೆಕ್ಕ ಹಾಕಿಸುವವರಿದ್ದಾರೆ. 60000 ಭಾಗಿಸು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), 120ಕ್ಕೆ 500 ಮಿಲಿಸೆಕೆಂಡ್, ಡಾಟೆಡ್ ಎಂಟನೇ ನೋಟ್, ಅಂದರೆ ಮುಕ್ಕಾಲು ಬೀಟ್, 375. ಲೆಕ್ಕ ಸರಿಯೇ. ಆದರೆ ಕ್ಲಿಕ್ (ಕಿವಿಗೆ ಕೇಳಿಸುವ ತಾಳದ ಟಿಕ್ ಟಿಕ್) ಇಲ್ಲದೆ ನುಡಿಸುವ ತಂಡದಲ್ಲಿ ಡ್ರಮ್ಮರ್ ಆ ದಿನ ಎಷ್ಟು ಖುಷಿಯಲ್ಲಿದ್ದಾರೋ ಅಷ್ಟು ವೇಗ. ಕಾಲಲ್ಲಿ ಟ್ಯಾಪ್ ಮಾಡಿ, ಸಾಕು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಅನುಮಾನ. ಪ್ರಿಸೆಟ್ ಬದಲಿಸಿದಾಗ ಸಣ್ಣ ಖಾಲಿ ಬರುತ್ತದೆ. ಮಿಡಿಯಿಂದ ಕಳಿಸಿದರೆ ಅದು ಇನ್ನೂ ಹೆಚ್ಚಾಗುತ್ತಾ?

ಉತ್ತರ, ಮೈಸೂರಿನಿಂದ:
ಇಲ್ಲ. ಮಿಡಿ ವೇಗ ಸೆಕೆಂಡಿಗೆ 31250 ಬಿಟ್, ಪ್ರೋಗ್ರಾಂ ಚೇಂಜ್ ಎರಡೇ ಬೈಟ್, ಒಂದು ಮಿಲಿಸೆಕೆಂಡೂ ಹಿಡಿಯಲ್ಲ. ಖಾಲಿ ಬರುವುದು ಪೆಡಲ್ ಹೊಸ ಪ್ರಿಸೆಟ್ ಲೋಡ್ ಮಾಡುವಾಗ, ಡಿಲೇ ಬಾಲವೂ ಅಲ್ಲೇ ಕಟ್ ಆಗುತ್ತದೆ. ಅದಕ್ಕೇ ಪ್ರಿಸೆಟ್ ಬದಲಾವಣೆ ಹಾಡು ಹಾಡಿನ ನಡುವೆ ಮಾತ್ರ. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಸೌಂಡ್ ಬದಲಾಗಬೇಕಿದ್ದರೆ ಅದೇ ಪ್ರಿಸೆಟ್‌ನ ಸ್ನ್ಯಾಪ್‌ಶಾಟ್. ನಿಮ್ಮ ಶೀಟಿನಲ್ಲಿ ಒಂದೇ ಹಾಡಿಗೆ ಎರಡು ಪ್ರಿಸೆಟ್ ಕಂಡರೆ ಕೋಡ್ ಎಚ್ಚರಿಕೆ ಕೊಡುವ ಹಾಗೆ ಒಂದು ಸಾಲು ಸೇರಿಸಿಬಿಡಿ.