ಗೆದ್ದ ಶಾಸಕರು ಪಕ್ಷ ಯಾಕೆ ಬಿಡ್ತಾರೆ?

ಹಳ್ಳಿಹೈದ: 2019ರಲ್ಲಿ 17 ಶಾಸಕರು ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬೀಳ್ಸಿದ್ರಲ್ಲ, ಪಕ್ಷಾಂತರ ನಿಷೇಧ ಕಾಯ್ದೆ ಇದ್ರೂ ಇದು ಹೆಂಗೆ ಸಾಧ್ಯ ಆಯ್ತು? ಬರೀ ದುಡ್ಡಿಗಾ?

ಕರಿಕೋಟು: 1985ರ ಕಾಯ್ದೆ ಪ್ರಕಾರ ವಿಪ್ (ಹೀಗೇ ಮತ ಹಾಕ್ಬೇಕು ಅನ್ನೋ ಪಕ್ಷದ ಆದೇಶ) ಮೀರಿದ್ರೆ ಸೀಟು ಹೋಗುತ್ತೆ, ಅದಕ್ಕೇ ಇವ್ರಲ್ಲಿ ಹೆಚ್ಚಿನವರು ಮೊದಲೇ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರ್ಕೊಂಡ್ರು, ಜುಲೈ 23ಕ್ಕೆ ವಿಶ್ವಾಸಮತ 99-105ರಲ್ಲಿ ಬಿತ್ತು. ಸ್ಪೀಕರ್ ರಮೇಶ್ ಕುಮಾರ್ ಅನರ್ಹ ಮಾಡಿ ವಿಧಾನಸಭೆ ಅವಧಿ ಮುಗಿಯೋವರ್ಗೂ ನಿಲ್ಲೋ ಹಾಗಿಲ್ಲ ಅಂದ್ರು. ಸುಪ್ರೀಂ ಕೋರ್ಟು ಅನರ್ಹತೆ ಸರಿ, ಆದ್ರೆ ಉಪಚುನಾವಣೆಗೆ ನಿಲ್ಲಬಹುದು ಅಂತು. ದಾರಿ ಸಿಕ್ಕಿದ್ದೇ ಅಲ್ಲಿ.

ಮಲ್ನಾಡ್ ಮಳೆ: ದುಡ್ಡು ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ ಸರ್. ಅನುದಾನ, ಟ್ರಾನ್ಸ್‌ಫರ್, ನಿಗಮ ಮಂಡಳಿ ಎಲ್ಲಾ ಸರ್ಕಾರದ ಕೈಲಿರುತ್ತೆ, ವಿರೋಧ ಪಕ್ಷದಲ್ಲಿ ಕೂತ ಶಾಸಕನಿಗೆ ರಸ್ತೆ ಕೆಲ್ಸಕ್ಕೂ ಮಂತ್ರಿ ಬಾಗ್ಲು ಕಾಯ್ಬೇಕು. ಆದ್ರೂ ಎಂಟಿಬಿ ನಾಗರಾಜ್ ಆಗ್ಲೇ ವಸತಿ ಮಂತ್ರಿ ಆಗಿದ್ರು, ಅವ್ರೂ ಹೋದ್ರು!

ಬೂತ್ ಏಜೆಂಟ್: ಉಪಚುನಾವಣೇಲಿ ಹೊಸಕೋಟೆ ಜನ ಎಂಟಿಬಿನ ಸೋಲ್ಸಿದ್ರು, ಆ 17ರಲ್ಲೇ ಇದ್ದ ವಿಶ್ವನಾಥ್ ಹುಣಸೂರಲ್ಲಿ ಸೋತ್ರು. ಆದ್ರೆ ಆಗ ಚುನಾವಣೆ ನಡೆದ 15 ಕ್ಷೇತ್ರದಲ್ಲಿ 12 ಕಡೆ ಬಿಜೆಪಿ ಗೆಲ್ತು, ಎಂಟಿಬಿ ಎಂಎಲ್‌ಸಿ ಆಗಿ 2021ರಲ್ಲಿ ಮತ್ತೆ ಮಂತ್ರಿನೂ ಆದ್ರು. ಬಿಸಿಲಲ್ಲಿ ಚೀಟಿ ಹಂಚಿದ ಕಾರ್ಯಕರ್ತನ ಗತಿ ಏನು ಹೇಳಿ? ಅನರ್ಹ ಆದವರು ಆ ಅವಧಿ ಪೂರ್ತಿ ಯಾವ ಚುನಾವಣೆಗೂ ನಿಲ್ಲಬಾರ್ದು ಅಂತ ತಿದ್ದುಪಡಿ ತರ್ಲೇಬೇಕು.